ಲೈನ್ ಸೋರುತ್ತಿದೆ

ಬುಧವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ ಮೇನ್ ಬ್ರೇಕರ್ ಆ ದಿನದ ಮೂರನೇ ಸಲ ಬಿತ್ತು. ಇಡೀ ವರ್ಕ್ಸ್ ಒಮ್ಮೆಲೇ ಸುಮ್ಮನಾಯಿತು. ಹಲ್ಲರ್ ನಿಂತಿತು, ಕಾಫಿ ಮೇಲೆತ್ತುವ ಎಲಿವೇಟರಿನ ಬಕೆಟ್‌ಗಳು ಅರ್ಧದಲ್ಲೇ ನಿಂತವು, ನಾನು ಹಟ ಹಿಡಿದು ತರಿಸಿದ್ದ ಕಲರ್ ಸಾರ್ಟರಿನ ದೀಪ ಆರಿತು. ಬೀಜ ಆರಿಸುತ್ತಿದ್ದ ಹೆಂಗಸರ ಸಾಲಿನಿಂದ ಯಾರೋ, "ಬಿತ್ತು ನೋಡ್ರೇ ಕರೆಂಟಮ್ಮನ ಮಿಷನ್ನು" ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಒಳಗೆ ಮಾತ್ರ ಮೈಯೆಲ್ಲ ಉರಿಯುತ್ತಿತ್ತು.

ಕರೆಂಟಮ್ಮ ನಾನೇ. ಆಲೂರಿನಿಂದ ಸಕಲೇಶಪುರಕ್ಕೆ ಹೋಗುವ ರಸ್ತೆಯ ಪಕ್ಕದ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಮಿಷನ್ನುಗಳ ಮೇಂಟೆನೆನ್ಸ್ ನನ್ನದು. ಸುತ್ತಲಿನ ಎಸ್ಟೇಟುಗಳಿಂದ ಒಣಗಿದ ಕಾಫಿ ನಮ್ಮಲ್ಲಿಗೆ ಬರುತ್ತದೆ. ಹಲ್ಲರಿನಲ್ಲಿ ಸಿಪ್ಪೆ ಬಿಡಿಸಿ, ಜರಡಿಯಲ್ಲಿ ದಪ್ಪ ಸಣ್ಣ ಬೇರೆ ಮಾಡಿ, ಕಪ್ಪು ಬೀಜ, ಒಡಕು ಬೀಜ ಆರಿಸಿ ತೆಗೆದು ಮೂಟೆ ಕಟ್ಟುತ್ತೇವೆ. ನಾನು ಮೊದಲು ಅಲ್ಲೇ ಆಫೀಸಿನಲ್ಲಿ ಬಿಲ್ಲು ಟೈಪು ಮಾಡುತ್ತಿದ್ದೆ. ಆಗ ನನ್ನ ಹೆಸರು ಕಂಪ್ಯೂಟ್ರಮ್ಮ. ಓದಿದ್ದು ಎಲೆಕ್ಟ್ರಿಕಲ್ ಡಿಪ್ಲೊಮಾ, ಕೂತದ್ದು ಫ್ಯಾನಿನ ಕೆಳಗೆ. ಕಾಡಿ ಬೇಡಿ ಮಿಷನ್ ಹಾಲಿಗೆ ಬಂದು ಆಗಿನ್ನೂ ವರ್ಷ ತುಂಬಿರಲಿಲ್ಲ.

ಸಾರ್ಟರ್ ತರಿಸೋಣ ಎಂದು ಯಜಮಾನರ ತಲೆ ತಿಂದವಳು ನಾನೇ. ಆರಿಸಲು ಕಾಯುತ್ತಿದ್ದ ಮೂಟೆಗಳು ಗೋಡೌನಿನ ಸೂರು ಮುಟ್ಟುತ್ತಿದ್ದವು. ಕಾದು ಸಾಕಾದ ಎಸ್ಟೇಟಿನವರು ಲಾರಿಗಳನ್ನು ಹಾಸನದ ಕಡೆಗೆ ತಿರುಗಿಸತೊಡಗಿದ್ದರು. ಸಾರ್ಟರಿನಲ್ಲಿ ಬೀಜ ಒಂದು ಜಾರುಪಟ್ಟಿಯಿಂದ ಬೀಳುತ್ತದೆ, ಬೀಳುವಾಗ ಕ್ಯಾಮೆರಾ ಅದನ್ನು ನೋಡುತ್ತದೆ, ಕಪ್ಪು ಬೀಜ ಕಂಡರೆ ಸಣ್ಣ ತೂತಿನಿಂದ ಗಾಳಿ ಫಟ್ಟನೆ ಹೊಡೆದು ಪಕ್ಕಕ್ಕೆ ತಳ್ಳುತ್ತದೆ. ಅದು ತಳ್ಳಿದ್ದರಲ್ಲಿ ಒಳ್ಳೆಯ ಬೀಜವೂ ಇರುತ್ತದೆ, ಅದನ್ನು ಮತ್ತೆ ಕೈಯಲ್ಲೇ ಆರಿಸಬೇಕು. ಮಿಷನ್ ಬಂದ ದಿನವೇ ಹೆಂಗಸರ ಮೇಸ್ತ್ರಿ ಅಕ್ಕ ಎಲ್ಲರೆದುರಿಗೆ ಯಜಮಾನರನ್ನು, "ಇದು ಬಂದ್ಮೇಲೆ ನಮ್ಮನ್ನ ಮನೆಗೆ ಕಳಿಸ್ತೀರಾ ಗೌಡ್ರೇ?" ಎಂದು ಕೇಳಿಯೇಬಿಟ್ಟಿದ್ದರು. "ಒಬ್ಬರನ್ನೂ ಕಳ್ಸಲ್ಲ, ಲಾರಿ ವಾಪಸ್ ಹೋಗೋದು ನಿಂತ್ರೆ ಸಾಕು ನಂಗೆ" ಎಂದು ಅವರೂ ಎಲ್ಲರೆದುರಿಗೆ ಹೇಳಿದ್ದರು.

ಒಂದು ತಿಂಗಳು ಓಡಿಸಿ ನೋಡಿ, ಹಿಡಿಸದಿದ್ದರೆ ವಾಪಸ್ ಕಳಿಸಿ ಎಂಬ ಮಾತಿನ ಮೇಲೆ ಸಾರ್ಟರ್ ಬಂದಿತ್ತು. ಅದರ ಗಾಳಿಗೆ ನಮ್ಮಲ್ಲಿದ್ದ ಇಪ್ಪತ್ತು ಎಚ್‌ಪಿಯ ಹಳೆ ಕಂಪ್ರೆಸರ್ ಸಾಕು ಎಂದು ಕಂಪನಿಯ ಟೆಕ್ನಿಷಿಯನ್ ಲೆಕ್ಕ ಹಾಕಿ ಹೇಳಿದ್ದ. ಲೆಕ್ಕದಲ್ಲಿ ಸಾಕಾಗಿತ್ತು. ಓಡಿಸಿ ನೋಡಿದರೆ, ಹಾಲಿನ ಹೊರಗಿನ ರೂಮಿನಲ್ಲಿ ಕಂಪ್ರೆಸರ್ ಒಂದು ಗಳಿಗೆ ಉಸಿರು ತೆಗೆದುಕೊಳ್ಳದೆ ಬಡಿದುಕೊಳ್ಳುತ್ತಿತ್ತು. ಅದರ ಜೊತೆಗೆ ಹಲ್ಲರಿಗೆ ತುಂಬಾ ಕಾಫಿ ಬಿದ್ದರೆ ಕರೆಂಟ್ ಮಿತಿ ಮೀರಿ ಮೇನ್ ಬ್ರೇಕರ್ ಬೀಳುತ್ತಿತ್ತು.

ನಾನು ಮೊದಲು ಅನುಮಾನಪಟ್ಟದ್ದು ಸೈರನ್ನನ್ನು. ನಮ್ಮಲ್ಲಿ ಎಂಟು ಗಂಟೆಗೆ ಸೈರನ್ ಕೂಗಿದ ಕೂಡಲೇ ಎಲ್ಲರೂ ಓಡಿ ಒಟ್ಟಿಗೆ ಸ್ವಿಚ್ ಒತ್ತುವುದು ರೂಢಿ. ತಡವಾಗಿ ಒತ್ತಿದವನು ಸೋಮಾರಿ ಎಂಬ ಲೆಕ್ಕ. ಮೋಟರುಗಳೆಲ್ಲ ಒಟ್ಟಿಗೆ ಎದ್ದರೆ ಕರೆಂಟ್ ಒಮ್ಮೆಲೇ ಏರುತ್ತದೆ. ಹಾಗಾಗಿ ಮೊದಲು ಹಲ್ಲರ್, ಎರಡು ನಿಮಿಷ ಬಿಟ್ಟು ಎಲಿವೇಟರ್, ಕೊನೆಗೆ ಜರಡಿ ಎಂದು ಗೋಡೆಗೆ ಬರೆದು ಅಂಟಿಸಿದೆ. ಬೆಳಗಿನ ಹೊತ್ತು ಬ್ರೇಕರ್ ಬೀಳುವುದು ನಿಂತಿತು. ನಾನು ಎರಡು ದಿನ ಎದೆ ಉಬ್ಬಿಸಿಕೊಂಡು ಓಡಾಡಿದೆ. ಮೂರನೇ ದಿನ ಹನ್ನೊಂದು ಗಂಟೆಗೆ, ಎಲ್ಲ ಮಿಷನ್ನೂ ಸರಾಗವಾಗಿ ಓಡುತ್ತಿರುವಾಗಲೇ ಬಿತ್ತು. ಆಮೇಲೆ ಬೀಳುತ್ತಲೇ ಇತ್ತು.

ಆ ಬುಧವಾರ ಯಜಮಾನರು ಆಫೀಸಿಗೆ ಕರೆಸಿದರು. ಅವರು ಸ್ವತಃ ಕಾಫಿ ಬೆಳೆಗಾರರು. ಮಿಷನ್ನಿನ ಮಾತಿಗಿಂತ ಹೂವು, ಮಳೆಯ ಮಾತು ಅವರಿಗೆ ಸಲೀಸು. ಕೋಪ ಬಂದರೆ ಅವರ ದನಿ ತಗ್ಗುತ್ತದೆ. ಅವತ್ತು ಬಹಳ ತಗ್ಗಿತ್ತು.

"ನೋಡಮ್ಮ, ಕಂಪನಿಯೋರು ದೊಡ್ಡ ಕಂಪ್ರೆಸರ್ ಹಾಕ್ಸಿ ಅಂತಾರೆ. ದೊಡ್ಡದು ಹಾಕ್ಸಿದ್ರೆ ನಮ್ಗೆ ಕೊಟ್ಟಿರೋ ಕರೆಂಟ್ ಲೋಡ್ ಸಾಲಲ್ಲ. ಜಾಸ್ತಿ ಲೋಡ್ ಕೇಳಿದ್ರೆ ಕರೆಂಟ್ ಆಫೀಸ್ನೋರು ಬೇರೆ ಟ್ರಾನ್ಸ್‌ಫಾರ್ಮರ್ ಬೇಕು, ಸೀಸನ್ ಮುಗೀಲಿ ಅಂತಾರೆ. ಮಂಗಳವಾರಕ್ಕೆ ತಿಂಗಳು ತುಂಬ್ತದೆ. ಲಾರಿಗೆ ಹೇಳ್ಬುಟ್ಟಿದ್ದೀನಿ. ವಾಪಸ್ ಕಳ್ಸಣ."

"ನಾನು?" ಎಂದು ಬಾಯಿ ತಪ್ಪಿ ಕೇಳಿಬಿಟ್ಟೆ.

"ನೀನ್ಯಾಕೆ ಹೋಗ್ತೀಯ. ಬಿಲ್ಲಿಂಗ್ ಕುರ್ಚಿ ಖಾಲಿನೇ ಐತಲ್ಲ. ಮಿಷನ್ನಿಗೆ ಹಾಸನದಿಂದ ಯಾರನ್ನಾದ್ರೂ ಕರೆಸ್ತೀನಿ."

ಬೈದಿದ್ದರೆ ವಾಸಿಯಿತ್ತು. ಅಷ್ಟು ಅಕ್ಕರೆಯಿಂದ ಹೇಳಿದರು. ಆ ಕುರ್ಚಿಯಲ್ಲಿ ಮೂರು ವರ್ಷ ಕೂತಿದ್ದೇನೆ. ಗಾಜಿನ ಆಚೆಯಿಂದ ಹಲ್ಲರಿನ ಸದ್ದು ಕೇಳುತ್ತಾ, ಬೇರಿಂಗ್ ಸವೆದಿದೆ ಎಂದು ಗೊತ್ತಾಗುತ್ತಾ, ಬಾಯಿ ಮುಚ್ಚಿಕೊಂಡು ಮೂಟೆ ಲೆಕ್ಕ ಟೈಪು ಮಾಡಿದ್ದೇನೆ. ಮತ್ತೆ ಅಲ್ಲಿಗೆ ಹೋಗುವುದು ನನ್ನಿಂದಾಗದ ಮಾತಾಗಿತ್ತು. "ಸಾರ್, ಊಟದ ಹೊತ್ತು ಅರ್ಧ ಗಂಟೆ ಕಂಪ್ರೆಸರ್ ನನಗೆ ಬಿಟ್ಟುಕೊಡಿ, ಆಮೇಲೆ ಮಾತಾಡೋಣ" ಎಂದೆ.

ಊಟಕ್ಕೆ ಎಲ್ಲ ಮಿಷನ್ ನಿಂತವು. ಕಂಪ್ರೆಸರ್ ಒಂದನ್ನೇ ಚಾಲೂ ಇಟ್ಟು ಮೊಬೈಲಿನ ಗಡಿಯಾರ ಹಿಡಿದು ಅದರ ಪಕ್ಕ ಕುಕ್ಕರಗಾಲಿನಲ್ಲಿ ಕೂತೆ. ಟ್ಯಾಂಕ್ ತುಂಬಿದರೆ ಕಂಪ್ರೆಸರ್ ದನಿ ತಗ್ಗಿಸಿ ಬರಿದೇ ತಿರುಗುತ್ತದೆ, ಪ್ರೆಷರ್ ಇಳಿದರೆ ಮತ್ತೆ ದನಿ ಏರಿಸಿ ಗಾಳಿ ತುಂಬುತ್ತದೆ. ಹಾಲಿನಲ್ಲಿ ಒಬ್ಬರೂ ಗಾಳಿ ಬಳಸುತ್ತಿಲ್ಲ; ಒಂದು ಸಲ ತುಂಬಿದ ಮೇಲೆ ಅದು ಸುಮ್ಮನಿರಬೇಕು. ಹತ್ತು ನಿಮಿಷದಲ್ಲಿ ಅದು ಆರು ನಿಮಿಷ ತುಂಬುತ್ತಲೇ ಇತ್ತು. ಇನ್ನೊಮ್ಮೆ ನೋಡಿದೆ. ಅದೇ ಆರು ನಿಮಿಷ. ನನಗೆ ಎಷ್ಟು ಖುಷಿಯಾಯಿತೆಂದರೆ, ಬುತ್ತಿ ಬಿಚ್ಚುವುದನ್ನೂ ಮರೆತು ಆಫೀಸಿಗೆ ಓಡಿದೆ.

"ನಮ್ಮ ಕಂಪ್ರೆಸರ್ ಚಿಕ್ಕದಲ್ಲ ಸಾರ್. ಅದು ಮಾಡಿದ ಗಾಳಿಯಲ್ಲಿ ಅರ್ಧಕ್ಕಿಂತ ಹೆಚ್ಚು ಪೈಪಿನಲ್ಲೇ ಸೋರಿ ಹೋಗ್ತಿದೆ. ನಾವು ಕರೆಂಟ್ ಸುಟ್ಟು ಗಾಳಿಯನ್ನ ಗಾಳಿಗೇ ಬಿಡ್ತಿದ್ದೀವಿ."

"ಸೋರಿದ್ರೆ ಕಾಣಬೇಕಲ್ವೇನಮ್ಮ?"

"ಕಾಣಲ್ಲ, ಕೇಳುತ್ತೆ. ಕೇಳಬೇಕು ಅಂದ್ರೆ ಹಾಲು ನಿಶ್ಶಬ್ದವಾಗಿರಬೇಕು. ಒಂದು ಭಾನುವಾರ ಪೂರ್ತಿ ನಿಲ್ಲಿಸಿಕೊಡಿ."

ಸೀಸನ್ನಿನಲ್ಲಿ ನಮಗೆ ಭಾನುವಾರವೂ ಕೆಲಸ. ಒಂದು ದಿನ ನಿಲ್ಲಿಸಿ ಎನ್ನುವುದು ಬೆಳೆಗಾರರ ಎದುರಿಗೆ ಆಡುವ ಮಾತೇ ಅಲ್ಲ. ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಆಗ ನಾನೇ ಹೇಳಿದೆ: "ಮಂಗಳವಾರ ಎಲ್ಲ ಮಿಷನ್ನೂ ಒಟ್ಟಿಗೆ ಓಡಿಸಿ ತೋರಿಸ್ತೀನಿ. ಒಂದು ಸಲ ಬ್ರೇಕರ್ ಬಿದ್ದರೂ ಬಿಲ್ಲಿಂಗ್ ಕುರ್ಚಿಗೆ ನಾನೇ ಹೋಗಿ ಕೂರ್ತೀನಿ, ನೀವು ಹೇಳೋದೇ ಬೇಡ." "ಆಗ್ಲಿ, ಈ ಭಾನುವಾರ ನಿಲ್ಸಣ" ಎಂದರು. ಹೊರಗೆ ಬಂದಾಗ ಮನಸ್ಸು ಹಗುರವಾಗಿತ್ತು.

ಸಣ್ಣ ಸಾಮಾನು, ಅಂದರೆ ಕ್ಲಿಪ್ಪು, ವಾಲ್ವು, ಟೆಫ್ಲಾನ್ ಟೇಪು ತರಲು ಗುರುವಾರ ನಾನು ಹಾಸನಕ್ಕೆ ಹೋಗಬೇಕಿತ್ತು. ಅಷ್ಟರಲ್ಲಿ ನನ್ನ ಕೈಕೆಳಗಿನ ಫಿಟ್ಟರ್ ಹಾಲಿನ ಹಳೆ ಜಾಯಿಂಟುಗಳನ್ನು ಬದಲಿಸುತ್ತಿರಲಿ ಎಂದುಕೊಂಡು, ಸ್ಟೋರಿನಲ್ಲಿರುವ ಕೆಲಸದ ಪುಸ್ತಕದಲ್ಲಿ, ಹಾಜರಿ ಸಾಮಾನಿನ ಲೆಕ್ಕ ನೋಡುವ ರೈಟರಿಗೆ ಬರೆದಿಟ್ಟೆ: "ಲೈನ್ ಎಲ್ಲಾ ಕಡೆ ಸೋರುತ್ತಿದೆ. ಭಾನುವಾರದೊಳಗೆ ನಿಲ್ಲಲೇಬೇಕು. ಬೇಕಾದ ಸಾಮಾನು ತರಿಸಿ. ಫಿಟ್ಟರನ್ನು ಬೇರೆ ಕೆಲಸಕ್ಕೆ ಕಳಿಸಬೇಡಿ. ಯಜಮಾನರು ಒಪ್ಪಿದ್ದಾರೆ. ಅರ್ಜೆಂಟ್." ಕೆಳಗೆ ಎರಡು ಗೆರೆ ಎಳೆದು ಸಹಿ ಹಾಕಿದೆ. ಆ ಬರಹದಲ್ಲಿ ಏನು ತಪ್ಪಿದೆ ಎಂದು ಯಾರೇ ಕೇಳಿದ್ದರೂ ಏನೂ ಇಲ್ಲ ಎಂದೇ ಹೇಳುತ್ತಿದ್ದೆ.

ಹಾಸನದಲ್ಲಿ ಸಾಮಾನು ಹುಡುಕುವಷ್ಟರಲ್ಲಿ ಗುರುವಾರ ಮುಗಿಯಿತು. ಶುಕ್ರವಾರ ಬೆಳಿಗ್ಗೆ ಬಸ್ಸಿಳಿದು ಗೇಟು ದಾಟಿದರೆ ಹಾಲಿನಲ್ಲಿ ಫಿಟ್ಟರ್ ಇಲ್ಲ. ಏಣಿಯೂ ಇಲ್ಲ. ಹಿಂದುಗಡೆಯಿಂದ ಸುತ್ತಿಗೆಯ ಸದ್ದು, ನಗು, ರೇಡಿಯೋದ ಹಾಡು ಕೇಳುತ್ತಿತ್ತು. ಹೋಗಿ ನೋಡಿದೆ. ನಮ್ಮ ಕೆಲಸಗಾರರ ಮನೆಗಳ ಸಾಲಿನ ಮೇಲೆ ಫಿಟ್ಟರ್ ಹತ್ತಿ ಕೂತಿದ್ದಾನೆ. ಹಂಚೆಲ್ಲ ಇಳಿಸಿ ಅಂಗಳದಲ್ಲಿ ಪೇರಿಸಿದ್ದಾರೆ. ಪಾತ್ರೆ, ಚಾಪೆ, ಟ್ರಂಕು, ದೇವರ ಪಟ ಎಲ್ಲ ಬಿಸಿಲಿನಲ್ಲಿ. ಹೊಸ ರೀಪು, ಹೊಸ ಶೀಟು, ಡಾಂಬರಿನ ಡಬ್ಬ. ನಡುವೆ ರೈಟರ್ ಟವೆಲ್ ಸುತ್ತಿಕೊಂಡು ಮದುವೆ ಮನೆಯ ಯಜಮಾನನ ಹಾಗೆ ನಿಂತಿದ್ದಾರೆ.

ಎಸ್ಟೇಟ್ ಕಡೆಯವರಿಗೆ ನಾನು ಇಷ್ಟು ಹೇಳಿದರೆ ಸಾಕು. ಉಳಿದವರಿಗೆ ಹೇಳಬೇಕು: ಕಾಫಿ ತೋಟದಲ್ಲಿ ಲೈನ್ ಎಂದರೆ ಕೆಲಸಗಾರರು ವಾಸವಿರುವ ಮನೆಗಳ ಸಾಲು. ನಮ್ಮ ರೈಟರ್ ಇಲ್ಲಿಗೆ ಬರುವ ಮೊದಲು ಮೂವತ್ತು ವರ್ಷ ಎಸ್ಟೇಟಿನಲ್ಲಿ ಹಾಜರಿ ಬರೆದವರು. ಅವರ ಬಾಯಲ್ಲಿ ಆ ಮಾತಿಗೆ ಬೇರೆ ಅರ್ಥವೇ ಇಲ್ಲ.

"ಏನ್ರೀ ಇದು ರೈಟ್ರೇ?"

"ನೀವೇ ಬರ್ದಿದ್ರಲ್ಲ. ಲೈನ್ ಸೋರ್ತೈತೆ, ಅರ್ಜೆಂಟು ಅಂತ. ಎರಡು ಗೆರೆ ಬೇರೆ ಎಳ್ದಿದ್ರಿ."

"ನಾನು ಬರ್ದಿದ್ದು ಏರ್ ಲೈನು ಕಣ್ರೀ. ಗಾಳಿ ಪೈಪಿನ ಲೈನು."

ರೈಟರ್ ನನ್ನ ಮುಖ ನೋಡಿದರು. "ಗಾಳಿ ಎಲ್ಲಾದ್ರೂ ಸೋರ್ತದಾ ಮಾರಾಯ್ರೇ? ಸೋರೋದು ನೀರು. ನಾನೂ ಯೋಚ್ನೆ ಮಾಡ್ದೆ, ಹೊತ್ತಾರೆಯಿಂದ ಬೈಗಿನವರೆಗೂ ಮಿಷನ್ನು ಮಿಷನ್ನು ಅನ್ನೋ ಈವಮ್ಮಂಗೆ ಲೈನ್ ಮೇಲೆ ಯಾವಾಗ ಕನಿಕರ ಹುಟ್ತು ಅಂತ. ಒಳ್ಳೇದೇ ಅಲ್ವಾ ಅಂತ ಸುಮ್ಕಾದೆ."

ನನಗೆ ಅಳಬೇಕೋ ಕೂಗಾಡಬೇಕೋ ತಿಳಿಯಲಿಲ್ಲ. ಒಂದು ಪೂರ್ತಿ ದಿನ ಹಾಳಾಗಿತ್ತು. ಫಿಟ್ಟರನ್ನು ಆಗಲೇ ಕೆಳಗಿಳಿಸಿ ಹಾಲಿಗೆ ಎಳೆದುಕೊಂಡು ಹೋಗೋಣ ಎಂದು ಬಾಯಿ ತೆರೆದೆ. ಅಷ್ಟರಲ್ಲಿ ಮೇಸ್ತ್ರಿ ಅಕ್ಕ ಲೋಟದಲ್ಲಿ ಕಾಫಿ ಹಿಡಿದು ಬಂದರು. ಅವರು ಬೆಳಗೋಡಿನ ಕಡೆಯವರು, ಸಾಲಿನ ಮೂರನೇ ಮನೆ ಅವರದು.

"ಎರಡು ಮಳೆಗಾಲ ಕೇಳಿದ್ವಿ ಕಣವ್ವ. ಮಲ್ಗೋ ಜಾಗದಲ್ಲಿ ಬೋಸಿ ಇಟ್ಕಂಡು ಮಲ್ಗಿದ್ವಿ. ನೀನು ಒಂದು ಸಲ ಬರ್ದಿದ್ದಕ್ಕೆ ಆಗೋಯ್ತು ನೋಡು" ಎಂದು ನನ್ನ ಕೈಗೆ ಲೋಟ ಕೊಟ್ಟರು.

ನಾನು ಬರೆದದ್ದು ನಿಮ್ಮ ಮನೆಗಲ್ಲ ಎಂದು ಹೇಳಲು ಬಾಯಿ ಬರಲಿಲ್ಲ, ಹೇಳದೆ ಆ ಕಾಫಿ ಕುಡಿಯಲೂ ಆಗಲಿಲ್ಲ. ರೈಟರೇ ಆ ಕಷ್ಟ ತಪ್ಪಿಸಿದರು. "ನಿಮ್ ಲೈನಿಗಲ್ಲ ಕಣಮ್ಮ ಅವ್ರು ಬರ್ದಿದ್ದು, ಗಾಳಿ ಪೈಪಿಗಂತೆ" ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದರು. ಮೇಸ್ತ್ರಿ ಅಕ್ಕ ನಗಲು ಶುರು ಮಾಡಿದರು. ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಾ ನಕ್ಕರು. ಮೇಲಿದ್ದ ಫಿಟ್ಟರ್ ನಕ್ಕ. ಕೊನೆಗೆ ನನಗೂ ತಡೆಯಲಾಗಲಿಲ್ಲ.

ನಗು ನಿಂತ ಮೇಲೆ ಅವರು ಕೇಳಿದರು: "ಹಂಗಾದ್ರೆ ನಿನ್ನ ಲೈನು ಯಾವಾಗ ಸರಿ ಮಾಡ್ತೀಯ?"

"ಭಾನುವಾರ. ಅದು ಆಗ್ದಿದ್ರೆ ಮಿಷನ್ನು ವಾಪಸ್ ಹೋಗ್ತೈತೆ, ನಾನು ಕಂಪ್ಯೂಟರ್ ಮುಂದಕ್ಕೆ ಹೋಗ್ತೀನಿ ಅಕ್ಕ."

ಇಳಿಸಿದ ಹಂಚನ್ನು ಹಾಗೇ ಬಿಟ್ಟು ಬನ್ನಿ ಎನ್ನುವುದು ಆಗದ ಮಾತು. ಜನ ಆಕಾಶದ ಕೆಳಗೆ ಮಲಗಬೇಕಾಗುತ್ತಿತ್ತು. "ಮೊದಲು ಇದನ್ನ ಮುಗಿಸು" ಎಂದು ಫಿಟ್ಟರಿಗೆ ಹೇಳಿ ಹಾಲಿಗೆ ಬಂದೆ. ಯಜಮಾನರಿಗೆ ಫೋನು ಮಾಡಿದೆ. ಅವರೂ ನಕ್ಕರು. "ಹೆಂಗೂ ಮಳೆಗೆ ಮುಂಚೆ ಮಾಡಿಸ್ಲೇಬೇಕಿತ್ತು, ಆಗ್ಲಿ ಬುಡು" ಎಂದರು. ಫೋನು ಇಡುವ ಮುಂಚೆ, "ಮಂಗಳವಾರದ ಮಾತು ಮಾತ್ರ ಮಂಗಳವಾರದ್ದೇ ಕಣಮ್ಮ" ಎಂದು ಸೇರಿಸಿದರು.

ಶನಿವಾರ ಸಂಜೆ ಲೈನಿನ ಸೂರು ಮುಗಿಯಿತು. ಭಾನುವಾರ ಏಳೂವರೆಗೆ ನಾನು ಹಾಲಿನ ಬಾಗಿಲು ತೆಗೆದಾಗ ಒಳಗೆ ಎಷ್ಟು ನಿಶ್ಶಬ್ದವಿತ್ತೆಂದರೆ ನನ್ನ ಚಪ್ಪಲಿಯ ಸದ್ದಿಗೆ ನಾನೇ ಬೆಚ್ಚಿದೆ. ಫಿಟ್ಟರ್ ಬಂದ. ಅವನ ಹಿಂದೆ ಮೇಸ್ತ್ರಿ ಅಕ್ಕ, ಅವರ ಹಿಂದೆ ಹನ್ನೊಂದು ಜನ ಹೆಂಗಸರು. ರಜೆಯ ದಿನ ಎಂದು ತಲೆಗೆ ಎಣ್ಣೆ ಹಚ್ಚಿಕೊಂಡು ಬಂದವರೂ ಇದ್ದರು.

"ತೋರ್ಸು ಎಲ್ಲಿ ಸೋರ್ತೈತೆ" ಎಂದರು ಮೇಸ್ತ್ರಿ ಅಕ್ಕ.

ನಾನು ಬಕೆಟ್ಟಿನಲ್ಲಿ ಸೋಪಿನ ಪುಡಿ ಕಲಸಿಟ್ಟಿದ್ದೆ. ಜಾಯಿಂಟಿಗೆ ನೊರೆ ಹಚ್ಚಿದರೆ ಸೋರುವ ಕಡೆ ಗುಳ್ಳೆ ಏಳುತ್ತದೆ. ಆದರೆ ಫೆಬ್ರವರಿಯ ಒಣ ಗಾಳಿಗೆ, ಅದೂ ಕಾಫಿಯ ಧೂಳು ಕೂತ ಪೈಪಿನ ಮೇಲೆ, ನನ್ನ ನೊರೆ ಹಚ್ಚಿದಷ್ಟೇ ಬೇಗ ಆರಿತು. ಅದನ್ನು ನೋಡಿ ಒಬ್ಬಾಕೆ ಮನೆಗೆ ಓಡಿ ಅಂಟುವಾಳದ ಕಾಯಿ ತಂದು ಬಿಸಿನೀರಿನಲ್ಲಿ ಕಿವುಚಿದಳು. ಆ ನೊರೆ ಮಂದವಾಗಿ ಅಂಟಿಕೊಂಡು ನಿಂತಿತು. ಅಂಥ ಉಪಾಯ ಹಾಸನದ ಯಾವ ಅಂಗಡಿಯಲ್ಲೂ ನನಗೆ ಸಿಗುತ್ತಿರಲಿಲ್ಲ.

ಟ್ಯಾಂಕಿಗೆ ಎಂಟು ಕೆಜಿ ಪ್ರೆಷರ್ ತುಂಬಿಸಿ ಕಂಪ್ರೆಸರ್ ಆಫ್ ಮಾಡಿದೆ. ಎಲ್ಲರೂ ಮಾತು ನಿಲ್ಲಿಸಿದರು. ಒಂದು ಕಂಬಕ್ಕೆ ಇಬ್ಬರಂತೆ ನಿಂತು ಕಿವಿಗೊಟ್ಟರು. ಮೊದಮೊದಲು ಏನೂ ಕೇಳಲಿಲ್ಲ. ಆಮೇಲೆ ನಿಧಾನವಾಗಿ ಇಡೀ ಹಾಲು ಸುಯ್ಯೆನ್ನತೊಡಗಿತು. ಅಲ್ಲಿ ದಪ್ಪಗೆ, ಇಲ್ಲಿ ಸಣ್ಣಗೆ. ವರ್ಷದ ಹತ್ತಿರ ಆ ಹಾಲಿನಲ್ಲಿ ಓಡಾಡಿದವಳು ನಾನು, ಒಂದು ದಿನವೂ ಆ ಸದ್ದು ಕೇಳಿರಲಿಲ್ಲ. ಮೈ ಜುಮ್ಮೆಂದಿತು.

"ಇಲ್ಲೊಂದು ಹಾವೈತೆ ಕಣ್ರೇ" ಎಂದು ನಾಲ್ಕನೇ ಕಂಬದಿಂದ ಒಬ್ಬಾಕೆ ಕೂಗಿದಳು. ಅಲ್ಲಿಂದ ಸೋರುವ ಜಾಗಕ್ಕೆಲ್ಲ ಹಾವೆಂದೇ ಹೆಸರಾಯಿತು. "ಇದು ಮರಿ, ನೊರೆನೇ ಅಳ್ಳಾಡ್ತಿಲ್ಲ" ಎಂದು ಒಬ್ಬರು, "ನಮ್ದು ಹೆಡೆ ಎತ್ತೈತೆ ಬಾರವ್ವ" ಎಂದು ಇನ್ನೊಬ್ಬರು. ದಿನವೂ ಸಾವಿರಾರು ಬೀಜದ ನಡುವೆ ಒಂದು ಚುಕ್ಕೆ ಬಿದ್ದ ಬೀಜ ಹುಡುಕುವ ಕಣ್ಣು ಅವರದು. ನೊರೆಯಲ್ಲಿ ಸಾಸಿವೆಯಷ್ಟು ಗುಳ್ಳೆ ಎದ್ದರೂ ಬಿಡಲಿಲ್ಲ. ಅವರು ಸೀಮೆಸುಣ್ಣದ ಗುರುತು ಹಾಕುತ್ತಾ ಹೋದರು, ನಾನೂ ಫಿಟ್ಟರೂ ಏಣಿ ಹತ್ತಿ ಇಳಿದು ಬಿಗಿ ಮಾಡುತ್ತಾ, ಟೇಪು ಸುತ್ತುತ್ತಾ, ಕ್ಲಿಪ್ಪು ಹಾಕುತ್ತಾ ಹೋದೆವು. ಎಂದೋ ಮಾರಿಹೋದ ಮಿಷನ್ನೊಂದಕ್ಕೆ ಹೋಗುತ್ತಿದ್ದ ಪೈಪು ಇನ್ನೂ ಗೋಡೆಯ ಮೇಲಿತ್ತು. ಅದರ ತುದಿಗೆ ಯಾರೋ ಕಟ್ಟಿದ್ದ ಗೋಣಿಯ ಚೂರಿನೊಳಗಿಂದ ಗಾಳಿ ಹೋಗುತ್ತಿತ್ತು. ಅದನ್ನು ಬುಡದಲ್ಲೇ ಕತ್ತರಿಸಿ ಮುಚ್ಚಿದೆವು. ಮೂರು ಗಂಟೆಗೆ ಲೆಕ್ಕ ಮಾಡಿದರೆ ನಲವತ್ತಮೂರು ಗುರುತು.

ಮತ್ತೆ ಗಡಿಯಾರ ಹಿಡಿದು ಕೂತೆ. ಸುತ್ತ ಎಲ್ಲರೂ ನಿಂತಿದ್ದರು. ಹತ್ತು ನಿಮಿಷದಲ್ಲಿ ಮೂರು ನಿಮಿಷ ಕಂಪ್ರೆಸರ್ ತುಂಬಿತು. ಆರರಿಂದ ಮೂರಕ್ಕೆ ಇಳಿದಿತ್ತು, ನಿಜ. ಆದರೆ ಮಂಗಳವಾರ ಗೆಲ್ಲಲು ಅದು ಸಾಲದು ಎಂದು ನನಗೆ ಗೊತ್ತಿತ್ತು. ಹಲ್ಲರ್ ತುಂಬಿ ಓಡುವಾಗ ಆ ಮೂರು ನಿಮಿಷವೇ ಬ್ರೇಕರ್ ಬೀಳಿಸುತ್ತಿತ್ತು. ನಾನು ನೆಲ ನೋಡುತ್ತಾ ಕೂತೆ. ಇನ್ನೆಲ್ಲಿ ಹುಡುಕುವುದು ಎಂದು ತೋಚಲಿಲ್ಲ.

"ಎಲ್ಲಾ ಪೈಪೂ ಮುಟ್ಟಿದ್ವಲ್ಲ" ಎಂದ ಫಿಟ್ಟರ್.

ಆಗ ಹೊಳೆಯಿತು. ಹಾಲಿನ ಬಾಗಿಲಲ್ಲಿರುವ ಮುಖ್ಯ ವಾಲ್ವನ್ನೇ ಮುಚ್ಚಿದೆ. ಈಗ ಹಾಲಿನೊಳಕ್ಕೆ ಗಾಳಿ ಹೋಗುವಂತೆಯೇ ಇಲ್ಲ. ಆದರೂ ಕಂಪ್ರೆಸರ್ ತುಂಬುತ್ತಿತ್ತು. ಅಂದರೆ ಉಳಿದ ಸೋರಿಕೆ ಹಾಲಿನಲ್ಲಿಲ್ಲ, ಕಂಪ್ರೆಸರಿಗೂ ಹಾಲಿಗೂ ನಡುವೆ ಎಲ್ಲೋ ಇದೆ. ಆ ನಡುವೆ ಇರುವುದು ಒಂದೇ ಒಂದು, ಎಲ್ಲರಿಗೂ ಕಾಫಿ ಕಾಯಿಸುವ ಶೆಡ್ಡು.

ಶೆಡ್ಡಿನ ಹಿಂದಿನ ಗೋಡೆಗೆ ಒತ್ತಿಕೊಂಡು, ಸುಣ್ಣದ ಬಣ್ಣವನ್ನೇ ಬಳಿದುಕೊಂಡು, ಬೆರಳು ದಪ್ಪದ ಪೈಪೊಂದು ಒಳಗೆ ಹೋಗಿತ್ತು. ಒಳಗೆ ಹೋಗಿ ನೋಡಿದರೆ ಅದು ಕಾಫಿ ಹೊಟ್ಟು ಉರಿಸುವ ದೊಡ್ಡ ಒಲೆಯ ಬುಡಕ್ಕೆ ಸೇರಿತ್ತು. ಭಾನುವಾರವಾದ್ದರಿಂದ ಬೆಂಕಿ ಇರಲಿಲ್ಲ. ತಣ್ಣನೆಯ ಒಲೆಯಿಂದ ಬೂದಿ ಮಾತ್ರ ಚಿಲುಮೆಯ ಹಾಗೆ ಹಾರುತ್ತಿತ್ತು. ಪೈಪಿನ ನಲ್ಲಿ ತುಕ್ಕು ಹಿಡಿದು ಪೂರ್ತಿ ತೆರೆದೇ ಕೂತಿತ್ತು. ನಾವು ಇಪ್ಪತ್ತು ಎಚ್‌ಪಿ ಕಂಪ್ರೆಸರನ್ನು ಊದುಕೊಳವೆ ಮಾಡಿಕೊಂಡಿದ್ದೆವು.

ಯಾರು ಹಾಕಿಸಿದ್ದು ಎಂದು ಕೇಳಬೇಕಾಗಲಿಲ್ಲ. ನೋಡಲೆಂದು ಬಂದಿದ್ದ ರೈಟರ್ ಟವೆಲಿನಿಂದ ಮುಖ ಒರೆಸಿಕೊಳ್ಳುತ್ತಿದ್ದರು.

"ಹೊಟ್ಟು ಸುಮ್ನೆ ಉರಿಯಲ್ಲ ಕಣ್ರೀ, ಗಾಳಿ ಬೇಕು. ಊದಿ ಊದಿ ಈ ಹೆಂಗಸ್ರು ಕೆಮ್ಮೋದು ನೋಡಕ್ಕಾಗ್ದೆ ಹಿಂದಿನ ಫಿಟ್ಟರ್ ಹತ್ರ ನಾನೇ ಹಾಕ್ಸಿದ್ದೆ. ಸೌದೆನೂ ಉಳೀತು. ಒಳ್ಳೇದಾಯ್ತು ಅಂದ್ಕಂಡ್ನಲ್ಲ." ಟವೆಲ್ ಹೆಗಲಿಗೆ ಹಾಕಿಕೊಂಡು, "ಗಾಳಿಗೇನು ಕಾಸಾ ಅಂದ್ಕಂಡೆ" ಎಂದರು.

ನನಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಹೊಸತನ ಎಂದರೆ ಪೆಟ್ಟಿಗೆಯಲ್ಲಿ ಬರುವ ಮಿಷನ್ನು ಎಂದು ನಾನು ತಿಳಿದಿದ್ದೆ. ಆ ಮನುಷ್ಯ ಬಿಸಾಡುವ ಹೊಟ್ಟನ್ನು ಉರಿಸಿ ಸೌದೆ ಉಳಿಸಿದ್ದರು, ಹೆಂಗಸರ ಕೆಮ್ಮು ನಿಲ್ಲಿಸಿದ್ದರು. ನನಗಿಂತ ಮುಂಚೆ ಹೊಸದೊಂದನ್ನು ಮಾಡಿದ್ದರು. ಆ ಗಾಳಿ ಎಲ್ಲಿಂದ ಬರುತ್ತದೆ, ಅದಕ್ಕೆ ಎಷ್ಟು ಕರೆಂಟ್ ಸುಡುತ್ತದೆ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಹೇಳಬೇಕಾದವಳು ನಾನು ಗಾಜಿನ ಹಿಂದೆ ಬಿಲ್ಲು ಟೈಪು ಮಾಡುತ್ತಿದ್ದೆ.

ನಲ್ಲಿ ಕಿತ್ತು ಪೈಪು ಮುಚ್ಚಿದೆವು. ಒಲೆಗೆ ಗಾಳಿ ಇಲ್ಲದೆ ಬಿಡುವಂತಿರಲಿಲ್ಲ. ಮತ್ತೆ ಹೆಂಗಸರು ಊದಬೇಕಾಗುತ್ತಿತ್ತು. ಬಿಲ್ಲಿಂಗ್ ರೂಮಿನಲ್ಲಿ ಕೆಟ್ಟು ಬಿದ್ದಿದ್ದ ಕಂಪ್ಯೂಟರಿನ ಸಣ್ಣ ಫ್ಯಾನು ಬಿಚ್ಚಿ, ಉದ್ದನೆಯ ತಗಡಿನ ಕೊಳವೆಯ ತುದಿಗೆ ಕೂರಿಸಿದೆ. ಹೊಟ್ಟು ಹಾಕಿ ಹಚ್ಚಿದೆವು. ನೀಲಿಯಾಗಿ, ಹೊಗೆಯಿಲ್ಲದೆ ಉರಿಯಿತು. ಕೈಬೆರಳಿನಷ್ಟು ಕರೆಂಟಿನಲ್ಲಿ ಹದಿನೈದು ಜನಕ್ಕೆ ಕಾಫಿ ಆಯಿತು. ಆ ಕಾಫಿ ಕುಡಿಯುತ್ತಾ ಗಡಿಯಾರ ಹಿಡಿದೆ. ಹತ್ತು ನಿಮಿಷದಲ್ಲಿ ಕಂಪ್ರೆಸರ್ ತುಂಬಿದ್ದು ಐವತ್ತು ಸೆಕೆಂಡು. ನಾನು ಮೇಸ್ತ್ರಿ ಅಕ್ಕನನ್ನು ತಬ್ಬಿಕೊಂಡೆ. "ಮೈಯೆಲ್ಲ ಗ್ರೀಸು ಕಣವ್ವ ನಿಂದು" ಎಂದು ಬೈದರು, ಬಿಡಿಸಿಕೊಳ್ಳಲಿಲ್ಲ.

ಸೋಮವಾರ ಇನ್ನೊಂದು ಕೆಲಸ ಮಾಡಿದೆ. ದೂರದ ತುದಿಗೆ ಗಾಳಿ ಸಾಲುವುದಿಲ್ಲವೆಂದು ಹಿಂದೆ ಯಾರೋ ಕಂಪ್ರೆಸರಿನ ಪ್ರೆಷರನ್ನು ಎಂಟು ಕೆಜಿಗೆ ಏರಿಸಿಟ್ಟಿದ್ದರು. ಸಾರ್ಟರಿಗೆ ಬೇಕಾದದ್ದು ಐದೂವರೆ. ಸೋರಿಕೆ ನಿಂತಿದ್ದರಿಂದ ಅರ್ಧರ್ಧ ಕೆಜಿ ಇಳಿಸುತ್ತಾ ಆರಕ್ಕೆ ತಂದೆ. ಪ್ರತಿ ಸಲ ಇಳಿಸಿದಾಗಲೂ ಸಾರ್ಟರಿನ ಕೆಳಗೆ ಕೈ ಒಡ್ಡಿ ಕಪ್ಪು ಬೀಜ ಸರಿಯಾಗಿ ಬೇರೆಯಾಗುತ್ತಿದೆಯೇ ಎಂದು ನೋಡಿದೆ. ಆಗುತ್ತಿತ್ತು. ಕಂಪ್ರೆಸರ್ ಎಳೆಯುವ ಕರೆಂಟ್ ಇನ್ನೂ ಇಳಿಯಿತು. ಆ ದಿನ ಬ್ರೇಕರ್ ಬೀಳಲಿಲ್ಲ, ಆದರೆ ಹಲ್ಲರಿಗೆ ಅವತ್ತು ಕಾಫಿಯೂ ಕಡಿಮೆ ಬಂದಿತ್ತು. ಅದರಿಂದ ಏನೂ ಹೇಳುವಂತಿರಲಿಲ್ಲ.

ಮಂಗಳವಾರ ಲಾರಿ ಬಂದು ಗೇಟಿನಲ್ಲಿ ನಿಂತಿತು. ಯಜಮಾನರು ಹಲ್ಲರ್ ಆಪರೇಟರಿಗೆ, "ತುಂಬಾ ಬುಡು" ಎಂದರು. ಎಲ್ಲ ಮಿಷನ್ನೂ ಎದ್ದವು. ಅವರು ಮೇನ್ ಬೋರ್ಡಿನ ಮುಂದೆ ಕುರ್ಚಿ ಹಾಕಿಸಿಕೊಂಡು ಕರೆಂಟ್ ಎಷ್ಟೆಂದು ತೋರಿಸುವ ಆಂಪಿಯರ್ ಮುಳ್ಳನ್ನೇ ನೋಡುತ್ತಾ ಕೂತರು. ನಾನು ಪಕ್ಕದಲ್ಲಿ ನಿಂತೆ. ಮುಳ್ಳು ಏರಿತು, ಕೆಂಪು ಗೆರೆಯ ಹತ್ತಿರ ಬಂತು, ಅಲ್ಲೇ ನಿಂತಿತು. ಹನ್ನೊಂದಾಯಿತು. ಹನ್ನೊಂದೂವರೆಯಾಯಿತು.

ಯಜಮಾನರು ಥಟ್ಟನೆ ಎದ್ದು ನಿಂತರು. "ನಿಂತೋಯ್ತಲ್ಲಮ್ಮ."

"ಏನು ಸಾರ್?"

"ಕಂಪ್ರೆಸರ್. ಸದ್ದೇ ಇಲ್ಲ. ಸುಟ್ಟೋಯ್ತು ಅಂತ ಕಾಣ್ತದೆ."

ನಾನು ಓಡಿಹೋಗಿ ನೋಡಿದೆ. ಟ್ಯಾಂಕ್ ತುಂಬಿತ್ತು. ಕಂಪ್ರೆಸರ್ ದನಿ ತಗ್ಗಿಸಿ ಬರಿದೇ ತಿರುಗುತ್ತಾ ತಣ್ಣಗೆ ಕೂತಿತ್ತು. "ಕೆಟ್ಟಿಲ್ಲ ಸಾರ್. ಅದಕ್ಕೀಗ ಕೆಲಸ ಇಲ್ಲ" ಎಂದೆ. ಅವರು ಬಂದು ಅದರ ಮೈ ಮೇಲೆ ಅಂಗೈ ಇಟ್ಟು, ದನದ ಬೆನ್ನು ಸವರುವ ಹಾಗೆ ಸವರಿ, ಹೋಗಿ ಮತ್ತೆ ಕುರ್ಚಿಯಲ್ಲಿ ಕೂತರು. ಒಂದು ಗಂಟೆಗೆ ಊಟದ ಸೈರನ್ ಕೂಗಿತು. ಬ್ರೇಕರ್ ಒಂದು ಸಲವೂ ಬಿದ್ದಿರಲಿಲ್ಲ. ಸಾರ್ಟರ್ ಒಯ್ಯಲು ಬಂದಿದ್ದ ಲಾರಿಗೆ ಆರಿಸಿ ಮುಗಿದ ಮೂಟೆಗಳನ್ನು ಹೇರಿಸಲು ಯಜಮಾನರು ಹೇಳಿದರು.

ಹೋಗುವಾಗ ನನ್ನ ಹತ್ತಿರ ನಿಂತರು. "ಆಲೂರು ಕಡೆ ಕಂಪ್ಯೂಟರ್ ಬರೋ ಹುಡುಗಿ ಯಾರಾದ್ರೂ ಗೊತ್ತಿದ್ರೆ ಹೇಳಮ್ಮ. ಬಿಲ್ಲಿಂಗ್ ಕುರ್ಚಿ ಎಷ್ಟು ದಿನ ಅಂತ ಖಾಲಿ ಬುಡಾಕಾಗ್ತದೆ."

ಹೂಂ ಸಾರ್ ಎಂದೆ. ಅವರು ಹೇಳಿದ್ದೇನೆಂದು ತಲೆಗೆ ಹೋಗಲು ಸ್ವಲ್ಪ ಹೊತ್ತು ಬೇಕಾಯಿತು. ಅರ್ಥವಾದ ಮೇಲೆ ಸಂತೋಷಕ್ಕೆ ಕಣ್ಣು ತುಂಬಿ ಬಂತು. ಎದುರಿನ ಗೋಡೆಗೆ ನಾನೇ ಬರೆದು ಅಂಟಿಸಿದ್ದು ಓದಲಾಗದಷ್ಟು ಮಂಜಾಯಿತು.

ಆರಿಸುವ ಸಾಲಿನಿಂದ ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಮೇಸ್ತ್ರಿ ಅಕ್ಕ ಎದ್ದು ಬಂದರು. "ಏನಂದ್ರು ಗೌಡ್ರು?"

"ಉಳ್ಕಂಡೆ ಅಕ್ಕ."

"ಗೊತ್ತಿತ್ತು ಬುಡು" ಎಂದು ನನ್ನ ತೋಳು ಹಿಡಿದು ಎಳೆದರು. "ಅಳೋದು ಆಮೇಲೆ ಅಳೀವಂತೆ. ಸ್ಪ್ಯಾನರ್ ತಗಂಡು ಬಾ. ಜರಡಿ ಹಿಂದೆ ಹೊಸದೊಂದು ಸುಯ್ ಅಂತೈತೆ."